ಆಟದ ರಾಣಿಗೆ ಅತ್ತೆ ಕಟ್ಟಿದ ಪದ

ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ನಸುಕಿಗೇ ಬೀಸುಕಲ್ಲು ತಿರುಗುತ್ತಿತ್ತು. ಒಂದು ಕಡೆ ಅವ್ವ, ಎದುರಿಗೆ ನನ್ನ ಸೋದರತ್ತೆ. ಕಂಬಕ್ಕೊರಗಿ ಅಜ್ಜಿ, ಅಜ್ಜಿಯ ತೊಡೆಯ ಮೇಲೆ ನಾನು. ನಾನು ಮಾತು ಕಲಿತದ್ದೇ ಈ ಮೂವರ ಬಾಯಿಂದ. ಅತ್ತೆಯನ್ನು ಚಿಕ್ಕೇರೂರಿಗೆ ಕೊಟ್ಟಿತ್ತು. ಮಕ್ಕಳಾಗಲಿಲ್ಲವೆಂದು ಗಂಡ ತಂದು ತವರಿಗೆ ಬಿಟ್ಟು ಹೋಗಿದ್ದ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಆ ವರ್ಷ ಸವಣೂರಿನ ಮಾಸ್ತರರೊಬ್ಬರು ತಾವೇ ಬರೆದ ಬಯಲಾಟವನ್ನು ನಮ್ಮೂರಲ್ಲಿ ಆಡಿಸಿದ್ದರು. ಅದರಲ್ಲಿ ರಾಜ ಹಿರಿಯ ಹೆಂಡತಿಯನ್ನು ತವರಿಗೆ ಅಟ್ಟುತ್ತಾನೆ. ಅತ್ತು, ಎರಡು ಪದ ಹಾಡಿ ಒಳಗೆ ಹೋದವಳು ಮತ್ತೆ ರಂಗಕ್ಕೆ ಬರುವುದೇ ಇಲ್ಲ. ಜನ ಅವಳನ್ನು ಮರೆತರು, ಅತ್ತೆ ಮರೆಯಲಿಲ್ಲ. ಮುಂದೆ ಅವಳಿಗೇನಾಯಿತೆಂದು ಬೀಸುತ್ತ ಬೀಸುತ್ತ ಪದ ಕಟ್ಟತೊಡಗಿದಳು. ಧಾಟಿ ಮಾಸ್ತರರದು, ರಾಣಿಯೂ ಅವರವಳೇ; ಮಾತು ಮಾತ್ರ ಅತ್ತೆಯದು. ತವರಿನಲ್ಲಿ ರಾಣಿ ಹತ್ತಿ ಬಿಡಿಸುತ್ತಾಳೆ, ಅಣ್ಣನ ಮಕ್ಕಳ ತಲೆ ಬಾಚುತ್ತಾಳೆ. ಕೊನೆಗೊಂದು ದಿನ ರಾಜ ಕರೆಯಲು ಬಂದಾಗ ಒಲ್ಲೆನೆಂದು ಕಳಿಸಿಬಿಡುತ್ತಾಳೆ. ಆ ನುಡಿ ಬಂದಾಗಲೆಲ್ಲ ಅವ್ವನ ಕೈ ತಾನಾಗಿ ನಿಧಾನವಾಗುತ್ತಿತ್ತು.

ಪದದ ಕಡೆಯ ನುಡಿಯಲ್ಲಿ ಕಟ್ಟಿದವಳು ತನ್ನ ತವರೂರನ್ನೂ ಮನೆದೇವರನ್ನೂ ಹೆಸರಿಸುವುದು ನಮ್ಮಲ್ಲಿ ರೂಢಿ. ಅತ್ತೆ ಹೆಸರಿಸಲಿಲ್ಲ. ಯಾಕೆಂದು ಅಜ್ಜಿ ಕೇಳಿದ್ದಕ್ಕೆ, "ಆಕಿ ಅವರ ಆಟದಾಗಿನ ಹೆಣ್ಣು, ಯವ್ವಾ. ನಾ ನಾಕು ದಿನ ಕರಕೊಂಡು ಬಂದೇನಿ ಅಷ್ಟ. ನಮ್ಮ ಹೆಸರು ಹ್ಯಾಂಗ ಹಚ್ಚಲಿ?" ಅಂದಳು.

ಬೀಗತಿಯರ ಬಾಯಲ್ಲಿ ಪದ ಶಿಗ್ಗಾಂವಿಗೆ ಹೋಯಿತು, ಅಲ್ಲಿಂದ ಸವಣೂರು ಮುಟ್ಟಿತು. ಮರುವರ್ಷ ಮಾಸ್ತರರು ಅದೇ ಆಟ ತಂದಾಗ ರಾಣಿ ಎರಡನೆಯ ಸಲ ರಂಗಕ್ಕೆ ಬಂದಳು. ಹತ್ತಿ ಬಿಡಿಸುವ ಪದ ಶುರುವಾದೊಡನೆ ಅತ್ತೆ ನನ್ನ ರಟ್ಟೆ ಹಿಡಿದಳು. ಮುಖ ಅರಳಿತ್ತು. ಒಂದು ಮಾತೂ ಬದಲಾಗಿರಲಿಲ್ಲ. ಆಮೇಲೆ ರಾಜ ಬಂದ. ರಾಣಿ ಓಡಿಹೋಗಿ ಅವನ ಕಾಲಿಗೆ ಬಿದ್ದಳು, ಅವನ ಹಿಂದೆಯೇ ನಡೆದುಹೋದಳು. ಸುತ್ತಲಿನ ಹೆಂಗಸರು ಸಂತೋಷದಿಂದ ಕಣ್ಣೊರೆಸಿಕೊಂಡರು. ಅತ್ತೆಯ ಕೈ ನನ್ನ ರಟ್ಟೆಯಿಂದ ಜಾರಿತು.

ಮರುದಿನ ಮಾಸ್ತರರು ಅಪ್ಪನೊಡನೆ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾಗ ಅತ್ತೆ ಬಾಗಿಲ ಮರೆಯಲ್ಲಿ ನಿಂತು, ಆ ಪದ ತಾನು ಕಟ್ಟಿದ್ದೆಂದು ಹೇಳಿದಳು. "ಪದ ಒಯ್ದಿದ್ದಕ್ಕ ನಾ ಏನೂ ಅನ್ನೂದಿಲ್ರಿ. ಆಕಿನ್ನ ಯಾಕ ಕಳಿಸಿದ್ರಿ?"

ಮಾಸ್ತರರು ಕೆಟ್ಟವರಲ್ಲ. ಪದ ಯಾರದೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದರಲ್ಲಿ ಯಾರ ಹೆಸರೂ ಇರಲಿಲ್ಲವಲ್ಲ. ಚಹಾದ ಬಸಿ ಕೆಳಗಿಟ್ಟು, "ತಂಗೆವ್ವಾ, ಆಕಿ ನಾ ಹುಟ್ಟಿಸಿದಾಕಿ. ನಡುವ ಕೈಬಿಟ್ಟಿದ್ದೆ, ನೀ ನೆನಪು ಮಾಡಿಕೊಟ್ಟಿ. ಗಂಡನ ಮನಿ ಮುಟ್ಟಿಸೋದು ನನ್ನ ಕೆಲಸ ಅಲ್ಲೇನು?" ಅಂದರು.

ಅತ್ತೆ ಬಾಗಿಲು ಬಿಟ್ಟು ಒಳಗೆ ಹೋದಳು. ಅವರು ಹೇಳಿದ್ದರಲ್ಲಿ ಅರ್ಧ ಅವಳೇ ಅಜ್ಜಿಗೆ ಹೇಳಿದ್ದ ಮಾತು.

ಅದಾದ ಮೇಲೆ ಅವಳು ಆ ಪದ ಎತ್ತಿಕೊಂಡರೆ, ಆಟದ ಪದ ಕದ್ದು ತುದಿ ಕೆಡಿಸಿ ಹಾಡುತ್ತಾಳೆಂದು ಓಣಿಯವರು ನಗತೊಡಗಿದರು. ಅವ್ವ ಮೊದಲ ನುಡಿ ಎತ್ತಿಕೊಟ್ಟರೂ ಅತ್ತೆ ಸುಮ್ಮನೆ ಬೀಸುತ್ತಿದ್ದಳು.

ಆಟ ಹಿರೇಕೆರೂರು, ಚಿಕ್ಕೇರೂರಿನ ಕಡೆಗೂ ಹೋಯಿತು. ಯುಗಾದಿ ಕಳೆದ ಮೇಲೆ ಚಿಕ್ಕೇರೂರಿನ ಹಿರಿಯರು ಅತ್ತೆಯ ಗಂಡನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅಂಥ ರಾಣಿಯೇ ಗಂಡನ ಹಿಂದೆ ಹೋಗಲಿಲ್ಲವೇ ಎಂದು ಅಪ್ಪನನ್ನು ಕೇಳಿದರು. ಅಪ್ಪ ಒಪ್ಪಿಕೊಂಡ. ಅತ್ತೆ ಸೀರೆಗಳನ್ನು ಗಂಟು ಕಟ್ಟಿಕೊಂಡು ಬಂದು ಬಂಡಿ ಹತ್ತಿದಳು.