ಅಂಬರನಾಥದ ಕೋಳಿ ಅಕ್ಕ

ಮೊಟ್ಟೆ ಬೆಚ್ಚಗಿದೆಯೇ ಎಂದು ನೋಡಬೇಕಾದಾಗ ಅಕ್ಕ ಅದನ್ನು ಮುಚ್ಚಿದ ಕಣ್ಣಿನ ಮೇಲೆ ಒತ್ತಿಕೊಳ್ಳುತ್ತಿದ್ದರು. ವಾಗ್ಳೆ ಎಸ್ಟೇಟಿನ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಅಚ್ಚಿನಿಂದ ಬಿಸಿಬಿಸಿ ಬಕೆಟ್ಟು ಎಳೆದೆಳೆದು ಅವರ ಬೆರಳ ತುದಿಗಳು ಮೇಣದ ಹಾಗೆ ನುಣುಪಾಗಿದ್ದವು. ಬಿಸಿ, ತಂಪು ಎರಡೂ ಆ ಬೆರಳುಗಳಿಗೆ ಒಂದೇ. “ರೆಪ್ಪೆ ಸುಳ್ಳು ಹೇಳುವುದಿಲ್ಲ” ಎನ್ನುತ್ತಿದ್ದರು.

ನಾನು ಮದುವೆಯಾಗಿ ಬಾಗಲಕೋಟೆಯಿಂದ ಅಂಬರನಾಥದ ಆ ಚಾಳಿಗೆ ಬಂದಾಗ ಅಕ್ಕ ನಿವೃತ್ತರಾಗಿ ಪಕ್ಕದ ಖೋಲಿಯಲ್ಲಿ ಒಬ್ಬರೇ ಇದ್ದರು. ಕೋಳಿಗಳ ಜೊತೆ ತುಳು, ಚಾಳಿನವರ ಜೊತೆ ಮರಾಠಿ. ನನ್ನ ಗಂಡ ಹನ್ನೆರಡು ತಾಸಿನ ಶಿಫ್ಟಿಗೆ ಹೋದರೆ ಮರಾಠಿ ಬಾರದ ನಾನು ಬಾಯಿ ಬಿಡುವಂತೆಯೇ ಇರಲಿಲ್ಲ. ಒಂದು ದಿನ ನಲ್ಲಿಯ ಹತ್ತಿರ ಕೊಡ ಜಾರಿ “ಯಪ್ಪಾ” ಎಂದೆ. ಹಿಂದಿನಿಂದ ಅಕ್ಕ, “ಕನ್ನಡದವಳಾ ನೀನು?” ಎಂದರು.

ಅವರಿಗೆ ಗಂಡ, ಮಕ್ಕಳು ಇರಲಿಲ್ಲ. ಏಕೆಂದು ನಾನು ಕೇಳಲಿಲ್ಲ. ಎರಡು ವರ್ಷವಾದರೂ ನನಗೇಕೆ ಮಕ್ಕಳಾಗಲಿಲ್ಲ ಎಂದು ಅವರೂ ಕೇಳಲಿಲ್ಲ. ಇಡೀ ಚಾಳಿನಲ್ಲಿ ಅದನ್ನು ಕೇಳದವರು ಅವರೊಬ್ಬರೇ.

ಚಾಳಿನ ಹಿಂದೆ, ಗೋಡೆಗೆ ಒರಗಿಸಿ, ಹಳೆಯ ಕಿಟಕಿಗಳನ್ನು ಜೋಡಿಸಿ ಮಾಡಿದ ಗೂಡು. ಅದರಲ್ಲಿ ಏಳೆಂಟು ನಾಟಿ ಕೋಳಿ. ಬೆಳಿಗ್ಗೆ ಎದ್ದು ಮೊದಲು ಅವುಗಳ ಹಿಕ್ಕೆ ನೋಡುತ್ತಿದ್ದರು. ಹಿಕ್ಕೆ ನೀರಾಗಿದ್ದರೆ ಆ ಕೋಳಿಯನ್ನು ಹಣ್ಣಿನ ಪೆಟ್ಟಿಗೆಯಲ್ಲಿ ಬೇರೆ ಇಡುವುದು, ಅರಿಸಿನದ ನೀರು ಕುಡಿಸುವುದು. ಮಧ್ಯಾಹ್ನ ತಮ್ಮ ಊಟದ ತಟ್ಟೆಯನ್ನೂ ಆ ಪೆಟ್ಟಿಗೆಯ ಪಕ್ಕಕ್ಕೇ ತಂದುಕೊಂಡು ಕೂರುತ್ತಿದ್ದರು. “ಒಂಟಿಯಾದ ಕೋಳಿ ಕಾಳು ಮುಟ್ಟುವುದಿಲ್ಲ. ಯಾರಾದರೂ ಎದುರಿಗೆ ಕೂತು ತಿನ್ನಬೇಕು.” ಕೋಳಿಗೆ ಕಾಯಿಲೆ ಇಲ್ಲದ ದಿನಗಳಲ್ಲಿ ಅಕ್ಕ ಸರಿಯಾಗಿ ಊಟ ಮಾಡುತ್ತಿದ್ದರೋ ಇಲ್ಲವೋ ನನಗೆ ಅನುಮಾನ.

ಒಮ್ಮೆ ಕಾವಿಗೆ ಕೂತ ಹೇಂಟೆ ಹನ್ನೆರಡನೆಯ ದಿನ ಬೆಕ್ಕಿನ ಬಾಯಿಗೆ ಹೋಯಿತು. ಅಕ್ಕ ಥರ್ಮಾಕೋಲ್ ಡಬ್ಬಿಯೊಳಗೆ ಬಲ್ಬು ಇಳಿಬಿಟ್ಟು, ಒಂದು ಬಟ್ಟಲು ನೀರಿಟ್ಟು, ಒಂಬತ್ತು ಮೊಟ್ಟೆಗಳನ್ನು ಅದರಲ್ಲಿ ಜೋಡಿಸಿದರು. ಮರುದಿನವೇ ಊರಿನಲ್ಲಿ ಅವರ ತಮ್ಮ ತೀರಿಕೊಂಡ ಸುದ್ದಿ ಬಂತು. ಕೈಚೀಲ ಹಿಡಿದು ನನ್ನ ಬಾಗಿಲಿಗೆ ಬಂದು ಖೋಲಿಯ ಕೀಲಿ ಚಾಚಿದರು.

“ಅಕ್ಕಾರ, ನಾವು ತತ್ತಿ ಮುಟ್ಟಂಗಿಲ್ಲರಿ. ಮನ್ಯಾಗ ಗೊತ್ತಾದ್ರ…”

“ತಿನ್ನಲಿಕ್ಕೆ ಹೇಳಿದೆನಾ ನಾನು? ದಿನಕ್ಕೆ ಮೂರು ಸಲ ತಿರುಗಿಸಿದರೆ ಸಾಕು ಮಾರಾಯ್ತಿ.”

ಮೊದಲೆರಡು ದಿನ ಕೈಗೆ ಕರವಸ್ತ್ರ ಸುತ್ತಿಕೊಂಡು ತಿರುಗಿಸಿದೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಲೈಟ್ ಹೋಯಿತು. ಡಬ್ಬಿ ತಣ್ಣಗಾಗತೊಡಗಿದಾಗ ನನಗೆ ಗಾಬರಿಯಾಯಿತು. ಬಾಟಲಿಗೆ ಬಿಸಿನೀರು ತುಂಬಿ, ಹಳೆಯ ಸೀರೆಯಲ್ಲಿ ಸುತ್ತಿ, ಮೊಟ್ಟೆಗಳನ್ನು ಅದರ ಸುತ್ತ ಇಟ್ಟು ಮಡಿಲಿಗೆ ಎಳೆದುಕೊಂಡೆ. ಕರವಸ್ತ್ರ ಎಲ್ಲಿ ಬಿತ್ತೋ ನೆನಪಿಲ್ಲ. ಮೂರು ತಾಸು ಅಲುಗದೆ ಕೂತೆ. ಮಾತಾಡಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವುಗಳ ಜೊತೆಗೇ ಮಾತಾಡಿದೆ: ಅವ್ವನ ಬಗ್ಗೆ, ಆಸ್ಪತ್ರೆಯ ತಪಾಸಣೆಗಳ ಬಗ್ಗೆ, ಗಂಡನಿಗೂ ಹೇಳದ ಮಾತುಗಳನ್ನು. ಒಂದು ಮೊಟ್ಟೆಯೊಳಗೆ ಏನೋ ಸಣ್ಣಗೆ ಅದುರಿದಂತಾಯಿತು. ಭ್ರಮೆಯೂ ಇರಬಹುದು. ನಾನು ಜೋರಾಗಿ ಅತ್ತುಬಿಟ್ಟೆ.

ಅಕ್ಕ ಊರಿನಿಂದ ಬಂದ ಮೂರನೆಯ ದಿನ ಐದು ಮರಿ ಹೊರಬಂದವು. ಲೈಟ್ ಹೋದ ಕಥೆ ಕೇಳಿ, “ಅಂದರೆ ನೀನೇ ಕಾವಿಗೆ ಕೂತೆಯಾ!” ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಇನ್ನೂ ಒದ್ದೆಯಾಗಿದ್ದ ಒಂದು ಮರಿಯನ್ನು ನನ್ನ ಅಂಗೈಯಲ್ಲಿಟ್ಟು ಒಳಗೆ ಹೋದರು.

ಎರಡು ವರ್ಷದ ನಂತರ ಹಕ್ಕಿಜ್ವರ ಬಂತು. ಪಕ್ಕದ ಗಲ್ಲಿಯಲ್ಲಿ ಕೋಳಿಗಳು ಸತ್ತವೆಂದು, ಸುತ್ತಮುತ್ತ ಸಾಕಿದ್ದನ್ನೆಲ್ಲ ಕೊಲ್ಲಲು ಸರಕಾರದ ಬಿಳಿ ಅಂಗಿ ತೊಟ್ಟವರು ಬರತೊಡಗಿದರು. ಜನ ಕೋಳಿಗಳನ್ನು ಮಂಚದಡಿ, ಮಾಳಿಗೆಯಲ್ಲಿ ಬಚ್ಚಿಟ್ಟರು. ನಾನೂ ಓಡಿ ಹೋಗಿ, “ನಮ್ಮ ಬಚ್ಚಲದಾಗ ಇಡೂಣ್ರಿ ಅಕ್ಕಾರ, ಯಾರಿಗೂ ಗೊತ್ತಾಗಂಗಿಲ್ಲ” ಎಂದೆ.

“ಬೇಡ. ಚಾಳಿನ ಮಕ್ಕಳೆಲ್ಲ ಆಡುವುದು ಇಲ್ಲಿಯೇ ಅಲ್ವಾ? ನನ್ನ ಕೋಳಿಯಿಂದ ಒಂದು ಮಗುವಿಗೆ ಏನಾದರೂ ಆದರೆ?”

ಬಂದವರಿಗೆ ಗೂಡಿಗೆ ಕೈ ಹಾಕಲು ಬಿಡಲಿಲ್ಲ. ಅವರು ಕೊಟ್ಟ ಕೈಗವಸು, ಮಾಸ್ಕ್ ಹಾಕಿಕೊಂಡು ತಾವೇ ಒಂದೊಂದನ್ನೂ ಹಿಡಿದು, ರೆಕ್ಕೆ ಒತ್ತಿ, ತುಳುವಿನಲ್ಲಿ ಏನೋ ಹೇಳಿ ಕೊಟ್ಟರು. ಒಂದೂ ಕೂಗಲಿಲ್ಲ. ನಾನು ಕಾವು ಕೊಟ್ಟ ಮರಿಗಳಲ್ಲಿ ಉಳಿದಿದ್ದ ಎರಡೂ ಹೋದವು. ಗೂಡಿಗೆ ಔಷಧಿ ಹೊಡೆದು ಅವರು ಹೋದ ಮೇಲೆ ಅಕ್ಕ ಮೆಟ್ಟಿಲ ಮೇಲೆ ಕೂತು, “ಇನ್ನು ಬೆಳಿಗ್ಗೆ ಬೇಗ ಏಳಬೇಕಂತಿಲ್ಲ” ಎಂದರು. ಮತ್ತೆ ಅವರು ಕೋಳಿ ಸಾಕಲಿಲ್ಲ.

ಗಂಡನಿಗೆ ಬೇರೆ ಕೆಲಸ ಸಿಕ್ಕಿ ನಾವು ಖಾರಘರದ ಹನ್ನೊಂದನೆಯ ಮಹಡಿಗೆ ಬಂದೆವು. ಠಾಣೆಯಲ್ಲಿ ಗಾಡಿ ಬದಲಿಸಿದರೆ ಅಂಬರನಾಥ ಏನು ದೂರ? ಆದರೂ ನಾನು ಹೋದದ್ದು ಎರಡೇ ಸಲ. ಕಳೆದ ಆಷಾಢದಲ್ಲಿ ಒಂದು ದಿನ ಅಕ್ಕ ತಾವಾಗಿ ಫೋನ್ ಮಾಡಿದರು. ಎಂದೂ ಹಾಗೆ ಮಾಡಿದವರಲ್ಲ.

“ಕೆಲಸದಲ್ಲಿದ್ದೀಯಾ?”

“ರೊಟ್ಟಿ ಬಡಿಯಾಕತ್ತೀನ್ರಿ ಅಕ್ಕಾರ. ಆಮ್ಯಾಲ ನಾನ ಮಾಡ್ತೀನಿ.”

“ಆಯಿತು, ಆಯಿತು. ನಿಧಾನಕ್ಕೆ ಮಾಡು.”

ನಾನು ಮಾಡಲಿಲ್ಲ. ನಾಲ್ಕನೆಯ ದಿನ ಚಾಳಿನ ಮರಾಠಿ ಹೆಂಗಸು ಫೋನ್ ಮಾಡಿ, ಅಕ್ಕ ಹೋದರು, ಸಂಸ್ಕಾರವನ್ನೂ ಚಾಳಿನವರೇ ಮುಗಿಸಿದರು ಎಂದಳು. ನಾನು ಹೋಗುವಷ್ಟರಲ್ಲಿ ಖೋಲಿಗೆ ಬೀಗ ಬಿದ್ದಿತ್ತು. ಅವರು ಅಂದು ಏನು ಹೇಳಲು ಫೋನ್ ಮಾಡಿದ್ದರು ಎಂದು ಅಲ್ಲಿ ಎಲ್ಲರನ್ನೂ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.