ಎರಡನೆಯ ಡಿಕ್ಕಿ

ಇವತ್ತು ಬೆಳಿಗ್ಗೆ ಅಕ್ಕನ ಮನೆಯಲ್ಲಿ ಅವಳ ಮೊಮ್ಮಕ್ಕಳಿಬ್ಬರು ಮೇಜಿನ ಕೆಳಗೆ ಉರುಳಿದ ಕಿತ್ತಳೆ ಹಣ್ಣಿಗಾಗಿ ಒಟ್ಟಿಗೆ ಬಗ್ಗಿ, ಟಣ್ ಎಂದು ತಲೆಗೆ ತಲೆ ಹೊಡೆದುಕೊಂಡರು. ಅಳುವುದೋ ನಗುವುದೋ ಎಂದು ಒಂದು ಗಳಿಗೆ ಯೋಚಿಸಿದರು. ಆಮೇಲೆ, ಯಾರು ಹೇಳಿಕೊಟ್ಟಿದ್ದರೋ, ಇನ್ನೊಂದು ಸಲ ಹೊಡೆದುಕೊಳ್ಳಲು ಇಬ್ಬರೂ ತಲೆಯನ್ನು ಹಿಂದಕ್ಕೆ ತೆಗೆದರು. ನಾನು "ಬೇಡ!" ಎಂದು ಕಿರುಚಿದ ರಭಸಕ್ಕೆ ಕೈಯಲ್ಲಿದ್ದ ಕಾಫಿ ಸೀರೆಯ ಮೇಲೆ ಚೆಲ್ಲಿತು. ಅಕ್ಕ ಅಡುಗೆಮನೆಯಿಂದಲೇ, "ಇವಳು ಇನ್ನೂ ಆ ಮಧ್ಯಾಹ್ನದಲ್ಲೇ ಇದಾಳೆ" ಎಂದಳು.

ಈ ಶಾಸ್ತ್ರ ನಿಮಗೂ ಗೊತ್ತಿರಲೇಬೇಕು. ಇಬ್ಬರ ತಲೆ ಡಿಕ್ಕಿಯಾದರೆ ಕೂಡಲೇ ಇನ್ನೊಮ್ಮೆ ಡಿಕ್ಕಿ ಹೊಡೆದುಕೊಳ್ಳಬೇಕು. ಇಲ್ಲವಾದರೆ ಇಬ್ಬರಿಗೂ ಕೊಂಬು ಮೂಡುತ್ತದೆ. ಹಾಗೆ ಕೊಂಬು ಮೂಡಿದವರನ್ನು ನಾನಂತೂ ಕಂಡಿಲ್ಲ. ಎಲ್ಲರೂ ತಪ್ಪದೆ ಎರಡನೆಯ ಡಿಕ್ಕಿ ಹೊಡೆದುಕೊಂಡಿದ್ದಾರೆ, ಅದಕ್ಕೇ ಮೂಡಿಲ್ಲ ಎಂಬುದು ನಮ್ಮಜ್ಜಿಯ ವಾದ. ಆಗ ಬಿ.ಎಸ್ಸಿ. ಓದುತ್ತಿದ್ದ ನನಗೆ ಅದಕ್ಕೆ ಉತ್ತರ ಹೊಳೆದಿರಲಿಲ್ಲ. ಈಗಲೂ ಹೊಳೆದಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಯನಗರದ ನಮ್ಮ ಮನೆಯ ಗೇಟಿನ ಮೇಲೆ ಅಪ್ಪ ಮಲ್ಲಿಗೆ ಬಳ್ಳಿಗೆಂದು ಕಬ್ಬಿಣದ ಕಮಾನು ಹಾಕಿಸಿದ್ದರು. ಅಪ್ಪ ಕುಳ್ಳಗಿದ್ದರು, ಕಮಾನನ್ನೂ ತಮ್ಮ ಅಳತೆಗೇ ಮಾಡಿಸಿದ್ದರು. ಬಳ್ಳಿ ಸೊಂಪಾಗಿ ಬೆಳೆದು ಕಬ್ಬಿಣವನ್ನು ಪೂರ್ತಿ ಮುಚ್ಚಿತ್ತು. ಬಂದವರು ಹೂವೆಂದುಕೊಂಡು ನುಗ್ಗಿ ಕಬ್ಬಿಣಕ್ಕೆ ಹಣೆ ಕೊಡುತ್ತಿದ್ದರು. ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಅನುಭವಸ್ಥ. ಕಾಗದವನ್ನು ಗೇಟಿನಾಚೆಯಿಂದಲೇ ಎಸೆಯುತ್ತಿದ್ದ.

ಅಕ್ಕನನ್ನು ನೋಡಲು ಬನಶಂಕರಿಯಿಂದ ಹುಡುಗ ತಾಯಿಯೊಂದಿಗೆ ಬಂದದ್ದು ಈ ಗೇಟಿನಿಂದಲೇ. ಬ್ಯಾಂಕಿನಲ್ಲಿ ಕೆಲಸ, ಒಳ್ಳೆ ಎತ್ತರದ ಆಳು. ಕಮಾನಿಗೆ ಹಣೆ ಬಡಿದ ಸದ್ದು, ಒಳಗೆ ಉಪ್ಪಿಟ್ಟಿನ ತಟ್ಟೆ ಜೋಡಿಸುತ್ತಿದ್ದ ನಮಗೂ ಕೇಳಿಸಿತು.

"ಏನೂ ಆಗ್ಲಿಲ್ಲ ತಾನೆ?" ಎಂದರು ಅಪ್ಪ. "ನಮ್ಮನೇಗೆ ಬಂದೋರೆಲ್ಲ ಹೊಡ್ಕೊಳ್ತಾರೆ."

"ಏನಿಲ್ಲ ಸಾರ್. ಹೂವು ತುಂಬ ಚೆನ್ನಾಗಿದೆ" ಎಂದರು ಹುಡುಗ, ಕಣ್ಣಲ್ಲಿ ನೀರು ತುಂಬಿಕೊಂಡು.

ಕಿಟಕಿಯಿಂದ ಇಣುಕುತ್ತಿದ್ದ ಅಕ್ಕ ನನ್ನ ಕೈ ಹಿಡಿದು, "ಇವರೇ ಆಗ್ಲಿ ಕಣೇ" ಎಂದಳು. ಬಂದ ಗಂಡುಗಳಿಗೆಲ್ಲ ಒಂದಲ್ಲ ಒಂದು ಹೆಸರಿಟ್ಟು ಒಲ್ಲೆ ಎನ್ನುತ್ತಿದ್ದವಳು ಅವಳು. ಪೆಟ್ಟು ತಿಂದೂ ಹೂವನ್ನು ಹೊಗಳುವ ಗಂಡಸಿನಲ್ಲಿ ಏನು ಕಂಡಳೋ.

ಅಕ್ಕ ತಟ್ಟೆ ಹಿಡಿದು ಬಗ್ಗಿದಳು. ಅವಳಿಗೆ ತೊಂದರೆ ಬೇಡವೆಂದು ಹುಡುಗ ಎದ್ದರು. ಢಣ್! ಉಪ್ಪಿಟ್ಟು ಉಳಿಯಿತು, ಎಲ್ಲರೂ ನಕ್ಕರು. ಹುಡುಗನೂ ನಕ್ಕರು, ಆದರೆ ಉಳಿದವರು ನಕ್ಕು ಮುಗಿಸಿದ ಮೇಲೆ. ನಂತರ ಅಪ್ಪನ ಕಡೆ ತಿರುಗಿ, "ಇಲ್ಲಿ ಕಾವೇರಿ ನೀರು ಬರುತ್ತಾ ಸಾರ್?" ಎಂದರು.

ಅಪ್ಪನಿಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಇರಲಿಲ್ಲ. "ಬರುತ್ತೆ! ಮೊದಲು ಸ್ವಲ್ಪ ಗಾಳಿ ಬರುತ್ತೆ, ಆಮೇಲೆ ಕೆಂಪು ನೀರು, ಆಮೇಲೆ ಕಾವೇರಿ."

ಅಷ್ಟರಲ್ಲಿ ಅಜ್ಜಿ ದೇವರಮನೆಯಿಂದ ಬಂದರು. "ಒಂದೇ ಸಲಕ್ಕೆ ಬಿಟ್ಬಿಟ್ರಾ? ಮದುವೆ ಆಗೋ ಮಕ್ಕಳಿಗೆ ಕೊಂಬು ಬಂದ್ರೆ ಬಾಸಿಂಗ ಎಲ್ಲಿಗ್ರೀ ಕಟ್ಟೋದು?"

"ನಿಜಾ ನಿಜಾ, ನಮ್ಮಲ್ಲೂ ಹಾಗೇ" ಎಂದರು ಹುಡುಗನ ತಾಯಿ. ಎರಡು ಮನೆಯವರೂ ಮೊದಲು ಒಪ್ಪಿಕೊಂಡ ಸಂಗತಿ ಇದೇ. ಅಕ್ಕ ನಾಚಿಕೊಂಡು ಮೆಲ್ಲಗೆ ತಲೆ ಮುಂದೆ ತಂದಳು. ಹುಡುಗ ಬ್ಯಾಂಕಿನವರು, ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ. ಜೋರಾಗಿಯೇ ಹೊಡೆದರು.

ಕುಳಿತು, ಒಂದು ಚಮಚ ಉಪ್ಪಿಟ್ಟು ತಿಂದು, ಕೇಳಿದರು: "ಇಲ್ಲಿ ಕಾವೇರಿ ನೀರು ಬರುತ್ತಾ ಸಾರ್?"

ಅಪ್ಪ ಗಾಳಿಯಿಂದ ಶುರುಮಾಡಿ ಅಷ್ಟೇ ಉತ್ಸಾಹದಿಂದ ಹೇಳಿದರು. ಮುಗಿಸಿದ ಕೂಡಲೇ ಹುಡುಗ ಮತ್ತೆ ಅದನ್ನೇ ಕೇಳಿದರು. "ನೀರಿನ ವಿಷಯದಲ್ಲಿ ನಮ್ಮವನು ತುಂಬ ಹುಷಾರು" ಎಂದು ಅವರ ತಾಯಿ ಹಿಗ್ಗಿದರು. ಆಗ ಹುಡುಗ ಅಕ್ಕನನ್ನೇ ದಿಟ್ಟಿಸಿ, "ಇವರು ಯಾರು?" ಎಂದರು.

ಅಕ್ಕನ ಮುಖ ಬಾಡಿಹೋಯಿತು. ಅಜ್ಜಿ ಮಾತ್ರ ಕಂಗೆಡಲಿಲ್ಲ. "ನಾನು ನೋಡ್ತಾನೇ ಇದ್ದೆ, ಅದು ಓರೆಯಾಗಿ ತಾಗ್ತು. ಇನ್ನೊಂದ್ಸಲ ಸರಿಯಾಗಿ ಹೊಡ್ಕೊಳಪ್ಪಾ." ಹುಡುಗ ವಿಧೇಯರಾಗಿ ತಲೆ ಮುಂದೆ ತಂದರು.

ಅವರ ಮುಖ ಸುಣ್ಣದಂತೆ ಬಿಳಿಚಿತ್ತು, ಕಣ್ಣು ಎಲ್ಲೋ ಇತ್ತು. ಆ ವರ್ಷ ಕಾಲೇಜಿನಲ್ಲಿ ನಾನು ಮೆದುಳಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದ್ದೆ. ಅದು ಕಪ್ಪೆಯ ಮೆದುಳು, ಒಪ್ಪುತ್ತೇನೆ. ಆದರೂ ಆ ಬ್ಯಾಂಕಿನವರ ಬುರುಡೆಯೊಳಗೆ ಏನೋ ಅಲ್ಲಾಡಿಹೋಗಿದೆ ಎಂದು ನನಗೆ ಅನ್ನಿಸಿತು. "ಬೇಡ!" ಎಂದು ಚೀರಿ, ಅಕ್ಕನನ್ನು ನೋಡಲು ಬಂದ ಗಂಡಿನ ತಲೆಯನ್ನು ಎರಡೂ ಕೈಯಿಂದ ಹಿಡಿದುಬಿಟ್ಟೆ.

"ಕೈ ಬಿಡೇ ನಾಚಿಕೆಗೆಟ್ಟವಳೇ!" ಎಂದರು ಅಮ್ಮ.

"ಬಿಡಲ್ಲ!"

ಹುಡುಗ ನನ್ನ ಕೈಗಳ ನಡುವಿನಿಂದಲೇ ಅಪ್ಪನಿಗೆ, "ಇಲ್ಲಿ ಕಾವೇರಿ..." ಎಂದವರು ಮುಗಿಸಲಾಗದೆ ಉಪ್ಪಿಟ್ಟಿನ ತಟ್ಟೆಗೇ ವಾಂತಿ ಮಾಡಿದರು.

ಆಮೇಲೆ ಆಟೋ. ತಿಲಕ್ ನಗರದ ಡಾಕ್ಟರ ಮನೆಯವರೆಗೂ ನಾನು ಆ ತಲೆಯನ್ನು ತುಂಬಿದ ಬಿಂದಿಗೆಯ ಹಾಗೆ ಹಿಡಿದುಕೊಂಡೇ ಇದ್ದೆ. ಇನ್ನೊಂದು ಪಕ್ಕದಲ್ಲಿ ಕೂತಿದ್ದ ಅಕ್ಕ ಅವರ ಅಂಗಿಯ ತೋಳು ಹಿಡಿದಿದ್ದಳು. ರಸ್ತೆಯ ಪ್ರತಿ ಗುಂಡಿಗೂ ಇಬ್ಬರೂ ಒಟ್ಟಿಗೆ, "ಅಣ್ಣ, ನಿಧಾನ!" ಎನ್ನುತ್ತಿದ್ದೆವು.

ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ನಡೆದದ್ದನ್ನೆಲ್ಲ ಕೇಳಿ, ನಗು ತಡೆದುಕೊಂಡು, ಆಮೇಲೆ ನಗದೆ ಹೇಳಿದರು: "ಸಣ್ಣದೊಂದು ಪೆಟ್ಟು ಬಿದ್ರೆ ಸಾಮಾನ್ಯವಾಗಿ ಮೆದುಳು ಸುಧಾರಿಸ್ಕೊಳ್ಳುತ್ತೆ, ಸ್ವಲ್ಪ ದಿನ ಬಿಡುವು ಕೊಡ್ಬೇಕು ಅಷ್ಟೆ. ಸುಧಾರಿಸ್ಕೊಳ್ಳೋಕೆ ಮುಂಚೇನೇ ಇನ್ನೊಂದು, ಮತ್ತೊಂದು ಬಿದ್ರೆ, ಪೆಟ್ಟು ಸಣ್ಣದೇ ಆದ್ರೂ ಅಪಾಯ ದೊಡ್ಡದು. ನೀವು ಮೂರು ಕೊಡಿಸಿದೀರಿ. ಇನ್ನೊಂದು ಬಿದ್ದಿದ್ರೆ ಏನಾಗ್ತಿತ್ತೋ ನಾನು ಹೇಳಲಾರೆ."

ಈ ಕೊನೆಯ ಮಾತು ನನ್ನ ಬೆನ್ನು ಬಿಟ್ಟಿಲ್ಲ. ಒಂದು ಗಳಿಗೆ ತಡವಾಗಿ ಕೈ ಚಾಚಿದ್ದರೆ? ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಇದ್ದಕ್ಕಿದ್ದಂತೆ ಆ ತಲೆ ಮುಂದಕ್ಕೆ ಬರುತ್ತದೆ; ಹಿಡಿಯಲು ನನ್ನ ಎರಡೂ ಕೈ ತಾವಾಗಿಯೇ ಮೇಲೇಳುತ್ತವೆ.

ಅಜ್ಜಿಗೆ ಡಾಕ್ಟರ ಮಾತನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ. ಕೊಂಬಿಗೆ ಏನು ಕೊಟ್ರು?" ಎಂದರು.

ಹುಡುಗ ರಜೆ ಹಾಕಿ ಮಲಗಿ ಗುಣವಾದರು. ಆದರೆ ಮಲ್ಲಿಗೆಯ ಕೆಳಗೆ ಬಂದದ್ದರಿಂದಾಚೆಗೆ ಅವರಿಗೆ ಏನೂ ನೆನಪಿರಲಿಲ್ಲ, ಅಕ್ಕನ ಮುಖ ಕೂಡ. ಹೀಗಾಗಿ ಹೆಣ್ಣು ನೋಡುವ ಶಾಸ್ತ್ರ ಇನ್ನೊಮ್ಮೆ ನಡೆಯಿತು. ಈ ಸಲ ಅವರು ಸ್ಕೂಟರಿನ ಹೆಲ್ಮೆಟ್ ತೆಗೆಯದೆಯೇ ಒಳಗೆ ಬಂದು, ಅದನ್ನು ಹಾಕಿಕೊಂಡೇ ಕಾಫಿ ಕುಡಿದರು. ಅಕ್ಕ ತಟ್ಟೆಯನ್ನು ದೂರದ ಸ್ಟೂಲಿನ ಮೇಲಿಟ್ಟು ಹಿಂದೆ ಸರಿದಳು.

"ನಿಮ್ಮನ್ನ ಆಗಲೇ ನೋಡಿದೀನಂತೆ. ಕ್ಷಮಿಸಿ, ನೆನಪಿಲ್ಲ" ಎಂದರು.

"ನನಗೆ ನೆನಪಿದೆ" ಎಂದಳು ಅಕ್ಕ. "ಸದ್ಯಕ್ಕೆ ಅಷ್ಟು ಸಾಕು."

ಹೀಗೆ ಆ ಹುಡುಗ ನನ್ನ ಭಾವ ಆದರು.

ಇವತ್ತು ಮಕ್ಕಳಿಗೆ ಹೇಳಿದೆ: "ಒಂದು ಡಿಕ್ಕಿ ಸಾಕು. ಕೊಂಬು ಬಂದ್ರೆ ನಾನು ನೋಡ್ಕೋತೀನಿ." ಇಬ್ಬರೂ ಹಣೆ ತಡವಿಕೊಳ್ಳುತ್ತಾ, ಯಾರಿಗೆ ಮೊದಲು ಮೂಡುತ್ತದೋ ಎಂದು ಕನ್ನಡಿಯ ಮುಂದೆ ಹೋಗಿ ನಿಂತರು. ನನ್ನ ಕಿರುಚಾಟ ಕೇಳಿಸಿದ್ದ ಭಾವ ನಡುಮನೆಯಿಂದ ಕೂಗಿದರು: "ಇಲ್ಲಿ ಕಾವೇರಿ ನೀರು ಬರುತ್ತಾ?"

ಮದುವೆಯಾದಾಗಿನಿಂದ ನನ್ನನ್ನು ಕೆಣಕಲು ಅವರಿಗೆ ಇದೊಂದೇ ತಮಾಷೆ. ತಮಾಷೆಯೆಂದು ಗೊತ್ತಿದ್ದರೂ ಪ್ರತಿಸಲ ಓಡಿಹೋಗಿ ಅವರ ಕಣ್ಣು ನೋಡುತ್ತೇನೆ, ಆಮೇಲೆ ಬೈಯುತ್ತೇನೆ. ಇವತ್ತು ಯಾಕೋ ಓಡಲಿಲ್ಲ. ನಿಂತಲ್ಲಿಂದಲೇ, ಅಪ್ಪನ ರಾಗದಲ್ಲಿ, "ಬರುತ್ತೆ ಭಾವ! ಮೊದಲು ಸ್ವಲ್ಪ ಗಾಳಿ ಬರುತ್ತೆ, ಆಮೇಲೆ ಕೆಂಪು ನೀರು, ಆಮೇಲೆ ಕಾವೇರಿ" ಎಂದೆ. ನಡುಮನೆಯಲ್ಲಿ ಭಾವ, ಅಡುಗೆಮನೆಯಲ್ಲಿ ಅಕ್ಕ, ಇಬ್ಬರೂ ನಕ್ಕರು.

ಸೀರೆಯ ಕಾಫಿ ಕಲೆ ತೊಳೆಯಲು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ನಲ್ಲಿಯಲ್ಲಿ ಸುಯ್ ಎಂದು ಬರೀ ಗಾಳಿ ಬಂತು. ಪರವಾಗಿಲ್ಲವೆಂದು ಕಾಯುತ್ತಾ ನಿಂತೆ.