ಅಳಿಸಿಹೋದ ಫೋಟೊ

“ಅಣ್ಣ, ಅಳಿಸೋಗಿರೋ ಫೋಟೊ ವಾಪಸ್ ಬತ್ತದಾ?” ಎನ್ನುತ್ತಾ ಆತ ಒಂದು ಮೆಮೊರಿ ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟ. ಆಗ ಹುಣಸೂರಿನಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿಯಿತ್ತು. ಆತ ವೀರನಹೊಸಹಳ್ಳಿ ಕಡೆಯ ಕಾಡು ಕಾಯುವ ವಾಚರ್. ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯನನ್ನು ಹಿಂದಿನ ತಿಂಗಳು ಆನೆ ತುಳಿದು ಸಾಯಿಸಿತ್ತು. ಅವನದೆಂದು ಇದ್ದದ್ದು ಒಂದೇ ಫೋಟೊ. ಅದನ್ನೂ ಈತ ಕೈತಪ್ಪಿ ಅಳಿಸಿಬಿಟ್ಟಿದ್ದ.

ಅಳಿಸಿದ ಚಿತ್ರ ಕಾರ್ಡಿನಿಂದ ತಕ್ಷಣ ಹೋಗುವುದಿಲ್ಲ, ಅದರ ಜಾಗಕ್ಕೆ ಬೇರೆಯದು ಬಂದು ಕೂರುವವರೆಗೂ ಉಳಿದಿರುತ್ತದೆ. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಹುಡುಕುವ ಸಾಫ್ಟ್‌ವೇರ್ ಓಡಿಸಿದೆ. ಆತ ಊಟಕ್ಕೂ ಏಳದೆ ಪರದೆಯನ್ನೇ ನೋಡುತ್ತಾ ಕುಳಿತ. ಮಧ್ಯಾಹ್ನ ಫೋಟೊ ಸಿಕ್ಕಿತು, ಆದರೆ ಮೇಲಿನರ್ಧ ಮಾತ್ರ. ಅವರಿಬ್ಬರೂ ಕಾವಲಿರುತ್ತಿದ್ದ ಕ್ಯಾಂಪಿನ ಸೂರು, ಅದರ ಮುಂದೆ ನಿಂತು ನಗುತ್ತಿರುವ ಈತನ ಮುಖ. ಕೆಳಗೆ, ಗೆಳೆಯ ಕುಳಿತಿದ್ದ ಕಡೆ, ಬರೀ ಬೂದು ಬಣ್ಣ.

ಆತ ಪರದೆಯಿಂದ ಕಣ್ಣು ತೆಗೆದ. “ನಾನೊಬ್ನೇ ಉಳ್ಕಂಡ್ನಲ್ಲಣ್ಣ” ಎಂದ. ಅದನ್ನೇ ಪ್ರಿಂಟ್ ಹಾಕಿಸಿಕೊಂಡು, ಜೇಬಿಗಿಟ್ಟು, ಬಸ್ ಸ್ಟ್ಯಾಂಡಿನ ಕಡೆ ನಡೆದ.

ಆಮೇಲೆ ಎಷ್ಟೋ ಜನರ ಮದುವೆ, ನಾಮಕರಣದ ಚಿತ್ರಗಳನ್ನು ಪೂರ್ತಿಯಾಗಿ ತೆಗೆದುಕೊಟ್ಟಿದ್ದೇನೆ. ಅವರು ಖುಷಿಪಡುವಾಗಲೆಲ್ಲ, ತನ್ನ ನಗುಮುಖವನ್ನೇ ನೋಡಲಾರದೆ ಹೋದ ಆ ಮನುಷ್ಯ ನೆನಪಾಗುತ್ತಾನೆ.